ಉಸಿರಿನ ರೇಟು

ಹಂಪನಕಟ್ಟೆ, ಎರಡನೇ ಮಾಳಿಗೆ, ಏಸಿ ಕೋಣೆ.
ಕಳೆದ ದೀಪಾವಳಿಗೆ ನಾಲ್ಕು ಲಕ್ಷವಿದ್ದ ಆಂಪ್ಲಿಫೈಯರಿಗೆ
ಈಗ ಆರೂಕಾಲು.
"ಡಾಲರ್ ಅಲ್ವಾ ಸರ್," ಎಂದ ಅವಿಲ್,
ತಾನೇ ಡಾಲರನ್ನು ಹೆತ್ತವನ ಹಾಗೆ ನಾಚಿ.

ವಯರಿಗೇ ನನ್ನ ಸ್ಕೂಟರಿನ ಕ್ರಯ.
ನಗು ನುಂಗಿ ಕೂತೆ.

ಹಾಡಿಗೆ ಮುಂಚೆ
ಆಕೆ ಉಸಿರೆಳೆದದ್ದು ಕೇಳಿಸಿತು.
ಮೂವತ್ತು ವರ್ಷ ಇದನ್ನೇ ಕೇಳಿದ್ದೇನೆ;
ನನ್ನ ಹಳೇ ಸೆಟ್ಟಿನಲ್ಲಿ ಆಕೆ
ಉಸಿರಾಡದೆಯೇ ಹಾಡುತ್ತಿದ್ದಳು, ಪಾಪ.

ಒಂದು ಉಸಿರಿಗೆ ಆರೂಕಾಲು ಲಕ್ಷ!
ದಕ್ಕೆಯಲ್ಲಿ ಅಂಜಲದ ಕಿವಿರೆತ್ತಿ ನೋಡುವ ನಾನು
ಇದರದ್ದು ಏನನ್ನು ಎತ್ತಿ ನೋಡಲಿ?

"ಯೋಚಿಸಿ ಹೇಳ್ತೇನೆ ಮಾರಾಯ."
ಕಾವೂರಿನ ಬಸ್ಸು. ನಿಂತೇ ಬಂದೆ.
ವಿಸಿಲ್ ಊದುವ ಮುಂಚೆ ಕಂಡಕ್ಟರು...
ಕೇಳಿಸಿತು, ಟಿಕೆಟ್ಟಿನ ದುಡ್ಡಿನಲ್ಲೇ.

ಮನೆಯ ಸೆಟ್ಟಿನಲ್ಲಿ ಮಾತ್ರ
ಇವತ್ತಿನಿಂದ ಆಕೆಗೆ ಉಬ್ಬಸ.