ಹನ್ನೆರಡಾಣೆ

ಬೆಳಿಗ್ಗೆ ಏಳಕ್ಕೆ ಕೋಲಾರದಲ್ಲಿ ಬಸ್ಸಿಳಿದರೆ
ಗಾಳಿಗೆಲ್ಲ ಟೊಮ್ಯಾಟೊ ವಾಸನೆ.
ಮಂಡಿಯಿಂದ ಹೊರಟ ಲಾರಿಗಳು
ರಸ ಚೆಲ್ಲಿಕೊಂಡು ಹೋದ ದಾರಿಯಲ್ಲಿ
ಬಿಳಿ ಶೂ ಎತ್ತೆತ್ತಿ ಇಟ್ಟು ನಡೆಯಬೇಕು.
ಒಂದು ಕೆಂಪು ಚುಕ್ಕೆ ಕಂಡರೂ ಸುಗುಣಾ ಮೇಡಂ
ಇಡೀ ಬ್ಯಾಚಿನ ಎದುರು ಕೇಳುತ್ತಾರೆ:
"ಇದು ಯಾವ ವಾರ್ಡಿನದು?"

ಎರಡನೇ ವರ್ಷ.
ಮೊದಲ ವರ್ಷದ ಬಯೋಕೆಮಿಸ್ಟ್ರಿ ಇನ್ನೂ ಬೆನ್ನು ಬಿಟ್ಟಿಲ್ಲ.
ಹಾಸಿಗೆಯ ಮೂಲೆಯನ್ನು ಲಕೋಟೆಯ ಹಾಗೆ ಮಡಿಸುವುದು ಬಂತು.
ಕಿತ್ತಳೆಗೆ ಸೂಜಿ ಚುಚ್ಚುವುದು ಬಂತು.
ಕಿತ್ತಳೆ ಮುಖ ತಿರುಗಿಸುವುದಿಲ್ಲ,
ಚೌಡಮ್ಮನನ್ನೋ ಏಸುವನ್ನೋ ಕರೆಯುವುದಿಲ್ಲ,
ಮುಗೀತಾ ಅಂತ ಕೇಳುವುದಿಲ್ಲ.

ಪುಸ್ತಕ ಇಂಗ್ಲಿಷು, ಪೇಷಂಟು ತೆಲುಗು,
ಹೆದರಿಕೆ ಮಾತ್ರ ಅಚ್ಚಗನ್ನಡ.
ರೂಮಿನ ಜಿನ್ಸಿ ಕೊಟ್ಟಾಯಂನವಳು,
ಅಂಗೈಯಲ್ಲಿ ಮಲಯಾಳಂ ಅಕ್ಷರದಲ್ಲಿ
ಉರಿ, ಬಾಯಾರಿಕೆ, ಮಗ್ಗುಲಾಗಿ ಎಂದು ಬರೆದುಕೊಂಡು ಬರುತ್ತಾಳೆ.
"ನೋವು ಬರೆಯಬೇಕಿಲ್ಲ ಕಣೇ,
ನಮ್ಮಲ್ಲೂ ಅದು ನೋವೇ."

ಮೂಳೆ ವಾರ್ಡು, ಹದಿನಾಲ್ಕನೇ ಹಾಸಿಗೆ, ಮುನಿವೆಂಕಟಮ್ಮ.
ಮಂಡಿಯಲ್ಲಿ ಹಣ್ಣು ಆರಿಸುವವಳು.
ಜೋಡಿಸಿದ್ದ ಕ್ರೇಟು ಕುಸಿದು ಮೊಣಕಾಲ ಕೆಳಗೆ ಎರಡು ತುಂಡು,
ಒಳಗೀಗ ಸ್ಟೀಲಿನ ಸಲಾಕೆ.
ಅವಳೇ ನನ್ನ ಕೇಸ್ ಸ್ಟಡಿ.

"ಅಜ್ಜೀ, ಸೊನ್ನೆ ಅಂದ್ರೆ ನೋವೇ ಇಲ್ಲ,
ಹತ್ತು ಅಂದ್ರೆ ತಡೆಯೋಕೇ ಆಗಲ್ಲ.
ಈಗ ಎಷ್ಟು?"
ಅಜ್ಜಿ ಕಾಲು ನೋಡಿದಳು, ಫ್ಯಾನು ನೋಡಿದಳು,
ಸೊತ್ತು ಹಣ್ಣು ಒತ್ತಿ ನೋಡುವವಳ ಹಾಗೆ ಒಂದು ಕ್ಷಣ ತಡೆದು,
"ಹನ್ನೆರಡಾಣೆ" ಅಂದಳು.

ಡೋಸೇಜು ಲೆಕ್ಕಕ್ಕೆ ಕಲಿತ ಗುಣಾಕಾರ ಕೈ ಹಿಡಿಯಿತು.
ಹದಿನಾರಕ್ಕೆ ಹನ್ನೆರಡಾದರೆ ಹತ್ತಕ್ಕೆ ಏಳೂವರೆ.
ಹಾಗೇ ಬರೆದೆ.
ಮೇಡಂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು:
ಈ ಅಳತೆಯಲ್ಲಿ ಅರ್ಧ ಇಲ್ಲ.

ಅರ್ಧವನ್ನು ಎಲ್ಲಿ ಹಾಕಲಿ?
ಏಳೆಂದರೆ ಅಜ್ಜಿಗೆ ಮೋಸ,
ಎಂಟೆಂದರೆ ಅವಳ ಮಾತಿಗೆ ನನ್ನ ಮಾತು ಬೆರೆಸಿದ ಹಾಗೆ.
ಕೊನೆಗೆ ಎಂಟು ಅಂತ ತಿದ್ದಿ ಸಹಿ ಹಾಕಿಸಿಕೊಂಡೆ.
ಸಹಿ ಇಲ್ಲದಿದ್ದರೆ ಹಾಜರಿ ಇಲ್ಲ,
ಹಾಜರಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ.

ಗುರುವಾರ ಹತ್ತಾಣೆ.
ಶುಕ್ರವಾರ ಡ್ರೆಸಿಂಗ್ ಬಿಚ್ಚಿದಾಗ
"ರೂಪಾಯಿ ಮೇಲೆ ಬಡ್ಡಿ ಕಣಮ್ಮಾ!"
ಶನಿವಾರ ನನ್ನ ಭುಜ ಹಿಡಿದು ನಿಂತಳು,
ಎಂಟಾಣೆ. ನಿಂತೇ ಒಂದು ಸಲ ನಕ್ಕಳು.

ಭಾನುವಾರ ರಾತ್ರಿ ಪಾಳಿ.
ಪಕ್ಕದ ವಾರ್ಡಿನಲ್ಲಿ ಬೈಕಿಂದ ಬಿದ್ದ ಹುಡುಗ,
ನನ್ನ ತಮ್ಮನ ವಯಸ್ಸು,
ಸೆಲೈನು ಅರ್ಧ ಉಳಿದಿರುವಾಗಲೇ ಹೋದ.
ಹತ್ತಿ ಇಡುವುದು, ಗದ್ದ ಕಟ್ಟುವುದು,
ಹೆಬ್ಬೆರಳಿಗೆ ಚೀಟಿ. ಹೆಸರು ತಪ್ಪಾಗಬಾರದು.
ಎರಡು ಸಲ ಓದಿದೆ, ಮೂರನೇ ಸಲವೂ ಓದಿದೆ.
ಅದಕ್ಕೂ ಲಾಗ್‌ಬುಕ್ಕಿನಲ್ಲಿ ಒಂದು ಸಾಲಿದೆ,
ನೋಡಿದ್ದು ಒಂದು, ಮಾಡಿದ್ದು ಒಂದು.

ಬೆಳಗಿನ ಐದಕ್ಕೆ ಟೆಂಪರೇಚರ್ ನೋಡಲು ಬಂದೆ.
ಅಂತರಗಂಗೆ ಬೆಟ್ಟ ಕಿಟಕಿಯಲ್ಲಿ
ಇನ್ನೂ ಕಪ್ಪಾಗಿ ಕೂತಿತ್ತು.
ಅಜ್ಜಿ ಎದ್ದೇ ಇದ್ದಳು. ಕೈ ಹಿಡಿದಳು,
ನಾನು ಅವಳ ನಾಡಿ ಹಿಡಿಯಬೇಕಾದ ಹೊತ್ತಿಗೆ.
"ನಂದು ಬಿಡು, ನಾಕಾಣೆ.
ನಿಂದೆಷ್ಟು?"

ಎರಡು ವರ್ಷದಲ್ಲಿ ನನ್ನನ್ನು
ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.
ಗಡಿಯಾರದ ಮುಳ್ಳು ನೋಡುತ್ತ ಅರ್ಧ ನಿಮಿಷ ಎಣಿಸಿದೆ,
ಎರಡರಿಂದ ಗುಣಿಸಿದೆ. ಎಪ್ಪತ್ತಾರು.
ಅದು ಅವಳ ನಾಡಿ.

"ಚಿಲ್ಲರೆ ಇಲ್ಲ ಅಜ್ಜೀ" ಅಂದೆ.
"ಇರ್ಲಿ ಬಿಡು, ಲೆಕ್ಕ ಇಟ್ಕೋ" ಅಂದು
ಮಗ್ಗುಲಾದಳು,
ನಾನು ಹೇಳಿಕೊಟ್ಟಂತೆಯೇ,
ಮೊಣಕಾಲ ನಡುವೆ ದಿಂಬಿಟ್ಟುಕೊಂಡು.