ಅಣ್ಣನ ಅಂಗಿ

ಸೋಮವಾರ ಏನೂ ಸಿಗಲಿಲ್ಲ.
ಲೂನನ್‌ಬರ್ಗಿನ ಬಂದರಿನ ಮೇಲೆ ಮಂಜು,
ಮೈಕ್ರೋಫಿಲ್ಮಿನ ಹಿಡಿ ತಿರುಗಿಸುತ್ತ ಆರ್ಡಿತ್ ಕಾರ್ಕಮ್,
ತೆರೆಯ ಮೇಲೆ ಹಳೆಯ ಪಾದ್ರಿಯ ಜರ್ಮನ್ ಕೈಬರಹ,
ಶಾಯಿಯಲ್ಲಿ ಬಿದ್ದೆದ್ದ ಇರುವೆ
ಮನೆಗೆ ಹೊರಟ ಹಾಗೆ.
ಸಂಜೆ ಎಲೆಕೋಸು ಸಣ್ಣಗೆ ಹೆಚ್ಚಿ, ಉಪ್ಪು ತಿಕ್ಕಿ,
ಜಾಡಿಗೆ ಒತ್ತಿ, ಮೇಲೊಂದು ಕಲ್ಲು ಹೇರಿದಳು.
ಹುಳಿಯಲಿ ಅದರ ಪಾಡಿಗೆ ಅದು.

ನದೀಮೂಲ ಋಷಿಮೂಲ ಕೆದಕಬಾರದು ಅಂತಾರೆ ನಮ್ಮ ಕಡೆ.
ಆ ಮಾತಿಗೆ ಅಟ್ಲಾಂಟಿಕ್ ದಾಟಲು ಹಡಗು ಸಿಕ್ಕಿಲ್ಲ.
ಇಲ್ಲಿ ಕೆದಕುವುದೇ ಇವಳ ಕಸುಬು,
ಗಂಟೆಗೆ ಮೂವತ್ತು ಡಾಲರ್,
ಸತ್ತವರಿಗೆ ಉಚಿತ.

ಮರುದಿನ ಹ್ಯಾಲಿಫ್ಯಾಕ್ಸಿನಿಂದ ಸ್ಟರ್ಲಿಂಗ್ ಹಿರ್ಟಲ್ ಬಂದ,
ನಿವೃತ್ತ ಹಲ್ಲಿನ ಡಾಕ್ಟರು. ಮುತ್ತಜ್ಜ
ಹಡಗಿನ ಕಪ್ತಾನನೆಂದು ಮನೆಮಂದಿಯೆಲ್ಲ ನಂಬಿ
ಗೋಡೆಗೆ ದುರ್ಬೀನು ತೂಗುಹಾಕಿದ್ದಾರಂತೆ.
ಕಪ್ತಾನನಲ್ಲ ಸ್ವಾಮೀ, ಅಡುಗೆಯವ.
ಅರ್ಧ ಪೀಪಾಯಿ ಕಾಕಂಬಿ ಕದ್ದು
ನಾಲ್ಕು ಡಾಲರ್ ದಂಡ ತೆತ್ತವ.
ಇಗೋ, ನ್ಯಾಯಾಲಯದ ಪುಸ್ತಕದ ನಕಲು.
ಆತ ಬಹಳ ಹೊತ್ತು ತನ್ನ ಟೋಪಿಯನ್ನೇ ನೋಡಿದ.
ಆಮೇಲೆ ಕೇಳಿದ: 'ಅಡುಗೆ ಚೆನ್ನಾಗಿ ಮಾಡುತ್ತಿದ್ದನೇ?'
ಅದನ್ನು ಯಾರೂ ಬರೆದಿಟ್ಟಿಲ್ಲ, ಅಂದಳು.

ಬುಧವಾರದ ಬೌಲಿಂಗ್ ತಪ್ಪಿಸುವವಳಲ್ಲ.
ಇಲ್ಲಿಯ ಗೂಟಗಳು ಸಣಕಲು, ಮೇಣದಬತ್ತಿಯಂತೆ,
ಚೆಂಡು ಅಂಗೈಯಲ್ಲಿ ಕೂರುವಷ್ಟೇ.
ಬಿದ್ದ ಗೂಟವನ್ನು ಎತ್ತಿ ಬದಿಗಿಡುವಂತಿಲ್ಲ ಈ ಆಟದಲ್ಲಿ.
ಬಿದ್ದಲ್ಲೇ ಬಿದ್ದಿರಬೇಕು,
ನಿಂತವನ್ನು ಕೆಡವಲು ಅವೇ ನೆರವು.
ಇದರಲ್ಲಿ ಏನೋ ಇದೆ ಅನ್ನಿಸಿತು ಆರ್ಡಿತ್‌ಗೆ,
ಅಷ್ಟರಲ್ಲಿ ಸರದಿ ಬಂತು. ಏಳು ಬಿದ್ದವು.

ಆ ರಾತ್ರಿಯೇ, ಬಾಡಿಗೆ ಬೂಟಿನ ವಾಸನೆ
ಬೆರಳಿಗಿನ್ನೂ ಅಂಟಿರುವಾಗ, ಯಾಕೋ
ತನ್ನದೇ ವಂಶದ ಹಾಳೆ ಹರಡಿದಳು.
ಗಾಟ್ಲೀಬ್ ಜಿಂಕ್, ಅಜ್ಜಿಯ ಅಜ್ಜ.
ಹುಟ್ಟಿದ್ದು ೧೮೩೧, ಮಾರ್ಚ್. ದೀಕ್ಷಾಸ್ನಾನ ಡಿಸೆಂಬರ್.
ಹನ್ನೊಂದು ವರ್ಷದಿಂದ ಹೀಗೇ ಇದೆ, ಶಾಯಿಯಲ್ಲಿ.
ಒಂಬತ್ತು ತಿಂಗಳು ನೀರು ಮುಟ್ಟಿಸದೆ ಯಾರು ಕಾಯುತ್ತಾರೆ ಮಗುವನ್ನು?

ನಕಲಿನ ಮೇಲೆ ಭೂತಗನ್ನಡಿ ಇಳಿಸಿದಳು.
'ಗೆಟ್' ಅಂತ ಬರೆದರೆ ದೀಕ್ಷಾಸ್ನಾನ,
'ಗೆಸ್ಟ್' ಅಂತ ಬರೆದರೆ ಮರಣ,
ನಡುವೆ ಒಂದು ಕೊಕ್ಕೆಯಷ್ಟು ಅಕ್ಷರ.
ಕೊಕ್ಕೆ ಅಲ್ಲೇ ಇತ್ತು.
ಅವಳೇ ಕಂಡಿರಲಿಲ್ಲ.

ಗುರುವಾರ ಬಾಗಿಲು ತೆಗೆಯುವ ಮೊದಲೇ ದಾಖಲೆಮನೆಯ ಮೆಟ್ಟಿಲ ಮೇಲೆ.
೧೮೩೩ರ ಮೇ. ಅದೇ ಅಪ್ಪ, ಅದೇ ಅಮ್ಮ,
ಮತ್ತೊಬ್ಬ ಗಾಟ್ಲೀಬ್.
ಸತ್ತ ಅಣ್ಣನ ಅಂಗಿ ಮಡಿಸಿಟ್ಟಿದ್ದರು,
ತಮ್ಮ ಹುಟ್ಟಿದೊಡನೆ ತೊಡಿಸಿದರು.
ಹೆಸರೇನು ಹರಿದಿರಲಿಲ್ಲವಲ್ಲ.
ಮದುವೆಯ ದಾಖಲೆಯಲ್ಲಿ ಇವನ ವಯಸ್ಸು ಎರಡು ವರ್ಷ ಕಡಿಮೆ.
ಹುಡುಗಿಯ ಮುಂದೆ ಸುಳ್ಳು ಹೇಳಿದ್ದಾನೆ ಮುದುಕ ಅಂತ
ಕ್ರಿಸ್‌ಮಸ್ ಊಟಕ್ಕೆ ಬಂದವರಿಗೆಲ್ಲ ಹೇಳಿ ನಗಿಸಿದ್ದಳು.
ನಿಜವನ್ನೇ ಹೇಳಿದ್ದ, ಪಾಪ.

ಶುಕ್ರವಾರ ಉಣ್ಣೆಯ ಕೈಗವಸು ಹೆಣೆದಳು,
ಹೆಬ್ಬೆರಳಿನ ಹತ್ತಿರ ಎರಡು ಸಲ ಲೆಕ್ಕ ತಪ್ಪಿ
ಬಿಚ್ಚಿದಳು.

ಶನಿವಾರ ಬಕೆಟ್ಟು, ಬ್ರಷ್ಷು, ಮೊಣಕಾಲಿಗೆ ಹಳೆಯ ದಿಂಬು.
ಗುಡ್ಡದ ಮೇಲಿನ ಸ್ಮಶಾನದಲ್ಲಿ
ಜಿಂಕ್‌ಗಳ ಸಾಲು ಪೂರಾ ತೊಳೆದಳು,
ಕಲ್ಲಿನ ಮಡಿಕೆಯಿಂದ ಪಾಚಿ ಬಿಡಿಸಿದಳು.
ತಮ್ಮನಿಗೆ ಕಲ್ಲಿದೆ, ಲಂಗರಿನ ಚಿತ್ರವಿದೆ.
ಅಣ್ಣನಿಗೆ ಇಲ್ಲ.
ಬೇಲಿಯ ಆಚೆ ಒಂದಿಷ್ಟು ಹುಲ್ಲು ಮಾತ್ರ
ಸ್ವಲ್ಪ ತಗ್ಗಾಗಿದೆ,
ಅದು ಯಾರದ್ದೂ ಇರಬಹುದು, ಮಳೆನೀರಿನದೂ.
ಅಲ್ಲಿಗೂ ಒಂದು ಚೊಂಬು ಸುರಿದಳು.

ಭಾನುವಾರ ಹಿರ್ಟಲ್ ಫೋನು ಮಾಡಿದ:
ದುರ್ಬೀನು ಇಳಿಸಿದೆವು, ಮೊಳೆ ಹಾಗೇ ಇದೆ,
ಸೌಟು ನೇತುಹಾಕಿದರೆ ತಮಾಷೆ ಅಂದುಕೊಳ್ಳುತ್ತಾರೇನು?
ಅಂದುಕೊಳ್ಳಲಿ ಬಿಡಿ, ಅಂದಳು.
ಹಾಳೆಯಲ್ಲಿ ಗಾಟ್ಲೀಬನ ಪಕ್ಕ ಜಾಗವಿರಲಿಲ್ಲ.
ಅಂಚಿನಲ್ಲೇ ಚೌಕ ಎಳೆದಳು, ಪೆನ್ಸಿಲಿನಲ್ಲಿ,
ಕೆಳಗೆ ಯಾವ ಗೆರೆಯೂ ಇಳಿಯದ ಚೌಕ.
ಮತ್ತೆ ಅದೇ ಹೆಸರು ಬರೆಯುವಾಗ
ಕೈ ಸ್ವಲ್ಪ ನಿಂತಿತು.

ಆಮೇಲೆ ಜಾಡಿಯ ಕಲ್ಲು ಎತ್ತಿ
ಒಂದೆಳೆ ಕೋಸು ಬಾಯಿಗಿಟ್ಟಳು.
ಇನ್ನೂ ಹುಳಿಯಾಗಿಲ್ಲ.
ಕಲ್ಲನ್ನು ಮತ್ತೆ ಅದರ ಜಾಗದಲ್ಲಿಟ್ಟಳು.