ಹೆಬ್ಬೆಟ್ಟು

ಒಂಬತ್ತಕ್ಕೆ ಐದು ನಿಮಿಷವಿರುವಾಗ
ಐಟಿಐ ಬಾಗಿಲ ಪಕ್ಕದ ಯಂತ್ರ
ನನ್ನ ಹೆಬ್ಬೆರಳು ಮುಟ್ಟಿ ನೋಡಿ
ಹೆಣ್ಣುದನಿಯಲ್ಲಿ ಹೇಳುತ್ತಿತ್ತು:
ಗುರುತು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ.

ಒರೆಸಿದೆ. ಊದಿದೆ. ಸೀಮೆಎಣ್ಣೆಯಲ್ಲಿ ತೊಳೆದೆ.
ಪ್ಯೂನ್ ಫೊಂಡು ಅರ್ಧ ನಿಂಬೆಹಣ್ಣು ತಂದುಕೊಟ್ಟ.
ಬೈತಕೋಲ ಬಂದರಿನ ಹದಿನಾಲ್ಕು ವರ್ಷ
ಅರ ಉಜ್ಜಿ, ಡೀಸೆಲ್ ಕುಡಿದು
ಗೆರೆಗಳನ್ನೆಲ್ಲ ತಿಂದು ಮುಗಿಸಿತ್ತು.

ಅಪ್ಪ ಮೀನುಗಾರರ ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತುವವನು.
ಕಾಳಿ ಹೊಳೆಯ ಸುಳಿಯ ಹಾಗೆ
ನೀಲಿಯಾಗಿ, ಸ್ಪಷ್ಟವಾಗಿ ಮೂಡುತ್ತಿತ್ತು ಅವನು ಯಾರೆಂಬುದು.
ನಿನಗಾದರೂ ಸಹಿ ಬರಲಿ ಎಂದು ಶಾಲೆಗೆ ಹಾಕಿದ.
ಸಹಿ ಕಲಿತೆ.
ಈಗ ಇಲಾಖೆ ಹೆಬ್ಬೆಟ್ಟು ಕೇಳುತ್ತದೆ.

ಬಂದರಿನಲ್ಲಿ ನಾನು ಮೇಸ್ತ.
ಏ ಉಮಾಕಾಂತ ಮೇಸ್ತಾ ಎಂದು ಕೂಗಿದರೆ
ಮೂರು ಬೋಟು ದಾಟಿ ಕೇಳುತ್ತಿತ್ತು.
ಇಲ್ಲಿ ಮೊದಲು ಅತಿಥಿ ಬೋಧಕ, ಒಂಬತ್ತು ವರ್ಷದ ಅತಿಥಿ,
ಒಂದು ದಿನವೂ ಊಟಕ್ಕೆ ಏಳಿ ಅಂದವರಿಲ್ಲ.
ಆಮೇಲೆ ಕಿರಿಯ ತರಬೇತಿ ಅಧಿಕಾರಿ.
ತಲೆ ನರೆತವನು ಕಿರಿಯ.
ಮೊನ್ನೆ ಧಾರವಾಡದ ಶಿಬಿರದಲ್ಲಿ
ಕೊರಳಿಗೊಂದು ಚೀಟಿ ತೂಗುಹಾಕಿದರು: ಫೆಸಿಲಿಟೇಟರ್.
ಕನ್ನಡದಲ್ಲಿ ಏನಮ್ಮ, ಕೇಳಿದೆ.
ಸುಗಮಕಾರ, ಅಂದಳು.
ಸಿಕ್ಕಿಬಿದ್ದ ಪಿಸ್ಟನ್ನಿಗೆ ಎಣ್ಣೆ ಬಿಡುವವನಿರಬೇಕು.

ಮೊದಲು ನನ್ನ ಪಾಠ ಇಷ್ಟೇ:
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ,
ಹಿಡಿ ಕಿವಿಯ ಹಿಂದಿನ ಎಲುಬಿಗೆ.
ಕಣ್ಣು ಮುಚ್ಚು. ಯಾವ ಸಿಲಿಂಡರ್ ಸುಳ್ಳು ಹೇಳುತ್ತಿದೆ?
ಈಗ ಎಂಜಿನ್ ಪರದೆಯಲ್ಲಿದೆ,
ಒಂದೊಂದು ದೋಷಕ್ಕೂ ಒಂದೊಂದು ಸಂಖ್ಯೆ.
ಸಂಖ್ಯೆ ನಾನು ಓದುತ್ತೇನೆ, ಅವರು ಬರೆದುಕೊಳ್ಳುತ್ತಾರೆ.
ತಪ್ಪೇನಲ್ಲ ಅದು. ನಾಳೆ ಬರುವ ಬೋಟಿಗೆ ಅದೇ ಬೇಕು,
ನಾನೂ ರಾತ್ರಿ ಕೂತು ಮೌಸ್ ಹಿಡಿಯಲು ಕಲಿತೆ.
ಕಲಿತವನೆಂದು ಪೋರ್ಟಲ್ ತುಂಬುವ ಕೆಲಸವೂ ನನಗೇ ಬಂತು:
ಹಾಜರಿ, ಫೋಟೊ, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು,
ಸಿಗದಿದ್ದರೆ ಯಾಕೆ, ಐವತ್ತು ಪದಗಳಲ್ಲಿ.

ಹೀಗೇ ಎರಡು ವರ್ಷ. ಒಂದು ಸೋಮವಾರ
ಯಂತ್ರ ತಟ್ಟನೆ ಧನ್ಯವಾದ ಅಂದಿತು.
ಫೊಂಡು ಚಪ್ಪಾಳೆ ತಟ್ಟಿದ.
ನಾನು ಕಿಟಕಿಯ ಬೆಳಕಿಗೆ ಬೆರಳು ಹಿಡಿದು ನೋಡಿದೆ.
ಗೆರೆಗಳು ಬಂದಿದ್ದವು. ಮೆತ್ತಗೆ,
ಹೊಸ ಸೋಪಿನ ಮೇಲಿನ ಅಕ್ಷರದ ಹಾಗೆ.
ಮಧ್ಯಾಹ್ನದ ಬುತ್ತಿ ಹಾಗೇ ಉಳಿಯಿತು.

ಜುಲೈ ಮೂವತ್ತೊಂದರ ರಾತ್ರಿ. ಬೆಳಗಾದರೆ ನಿಷೇಧ ಮುಗಿದು
ಬೋಟುಗಳೆಲ್ಲ ಕಡಲಿಗೆ.
ಎರಡನೇ ವರ್ಷದ ಸ್ಮಿತಲ್ ದುರ್ಗೇಕರ್ ಫೋನು:
ಸರ್, ಮಾವನ ಬೋಟು ಹೊಗೆ ಕಾರುತ್ತಿದೆ,
ಸ್ಕ್ಯಾನರ್ ಚುಚ್ಚಲು ಇದಕ್ಕೆ ತೂತೇ ಇಲ್ಲ.

ಹೋದೆ. ಹಳೆಯ ಆರು ಸಿಲಿಂಡರ್, ಹಳೆಯ ವಾಸನೆ.
ಸ್ಕ್ರೂಡ್ರೈವರ್ ಕಿವಿಗಿಟ್ಟು ಹೇಳಿದೆ: ನಾಲ್ಕನೆಯದು.
ಅವಳೂ ಇಟ್ಟಳು. ತುಸು ಹೊತ್ತು ತಡೆದು,
ಮೂರನೆಯದು ಅನಿಸುತ್ತದೆ ಸರ್.

ಬಿಚ್ಚಿದೆವು.
ಮೂರನೆಯದೇ.

ಮಾವ ನನ್ನ ಮುಖ ನೋಡಿದ.
ನಾನು ಪೇಸ್ಟಿನ ಡಬ್ಬಿ ಅವಳ ಕಡೆ ತಳ್ಳಿದೆ.
ವಾಲ್ವುಗಳಿಗೆ ಹಚ್ಚಿ, ತಿರುಗಿಸಿ, ಒರೆಸಿ, ಮತ್ತೆ ಹಚ್ಚಿ
ಇಬ್ಬರೂ ಉಜ್ಜುತ್ತಾ ಕೂತೆವು,
ದೀಪಸ್ತಂಭ ಮಂಕಾಗುವವರೆಗೆ.
ಬೋಟು ಹೊರಟಾಗ ಯಾರೋ ದಕ್ಕೆಯಿಂದ ಮೇಸ್ತಾ ಎಂದು ಕೂಗಿದರು.
ಇಬ್ಬರೂ ತಿರುಗಿದೆವು.

ಒಂಬತ್ತಕ್ಕೆ ಐದು ನಿಮಿಷ.
ಗುರುತು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ.
ನನ್ನ ಹಿಂದೆ ಸ್ಮಿತಲ್, ಕಣ್ಣು ಕೆಂಪು,
ಉಗುರಿನ ಸುತ್ತ ಕಪ್ಪು.
ಒತ್ತಿದಳು.
ಅವಳದ್ದೂ ಸಿಗಲಿಲ್ಲ.

ಫೊಂಡು ನಿಂಬೆಹಣ್ಣು ಹುಡುಕಲು ಹೋದ,
ಬರುವುದು ತಡವಾಯಿತು.